ಪರದೇಶದಲ್ಲಿ ದುಡಿಯುವ ತಾಯಿ

ಕೃಷ್ಣೆಯ ದಂಡೆಯ ಹಿಪ್ಪರಗಿಯಲ್ಲಾಗಲಿ, ಅದರ ಸುತ್ತಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯ ಬೇರಾವ ಊರಿನಲ್ಲಾಗಲಿ, ಸಂಜೆಯ ಹೊತ್ತು ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಮಾತಿಗೆ ಕಿವಿಗೊಟ್ಟವರಿಗೆ, ಕಬ್ಬಿನ ದರ, ಬ್ಯಾರೇಜಿನ ನೀರು, ಮಗ್ಗದ ಕೂಲಿ ಮುಂತಾದ ನಿತ್ಯದ ಚಿಂತೆಗಳ ನಡುವೆ ಈಚಿನ ದಿನಗಳಲ್ಲಿ ಮತ್ತೊಂದು ವಿಷಯವೂ ಕೇಳಿಬರುವುದುಂಟು. ಅದು ಅಮೆರಿಕೆಯಲ್ಲೋ ಜರ್ಮನಿಯಲ್ಲೋ ದುಬೈಯಲ್ಲೋ ನೌಕರಿ ಮಾಡಿಕೊಂಡಿರುವ ಮಗಳ, ಇಲ್ಲವೆ ಸೊಸೆಯ, ಸಂಸಾರದ ಸುದ್ದಿ. ಹೊಲ ಮಾರಿಯಾದರೂ ಮಗಳನ್ನು ಇಂಜಿನಿಯರಿಂಗಿಗೋ ನರ್ಸಿಂಗಿಗೋ ಕಳುಹಿಸಿದ ತಂದೆಯ ದನಿಯಲ್ಲಿ ಆ ಸುದ್ದಿಯನ್ನು ಹೇಳುವಾಗ ಅಭಿಮಾನವು ತುಂಬಿರುತ್ತದೆ. ಆದರೆ ಅಭಿಮಾನದ ಬೆನ್ನಿಗೇ, ಕೇಳುತ್ತ ಕುಳಿತವರಲ್ಲಿ ಯಾರಾದರೊಬ್ಬರು, "ಕೂಸನ್ನ ಯಾರ ಕೈಯಾಗೋ ಬಿಟ್ಟು ಕೆಲಸಕ್ಕ ಹೊಕ್ಕಾಳಂತಲ್ಲೋ" ಎಂದು ಅನ್ನದೆ ಇರುವುದಿಲ್ಲ. ಆ ಮಾತಿನಲ್ಲಿ ದ್ವೇಷವಿಲ್ಲ, ಕೂಸಿನ ಬಗೆಗಿನ ಕಾತರವೇ ಇರುವುದು. ಆದರೂ ಅದು ತಾಯಿಯ ಮೇಲೆ ಹೊರಿಸಿದ ಒಂದು ಆರೋಪವೆಂಬುದು ನಿರ್ವಿವಾದ. ಆ ಆರೋಪದಲ್ಲಿ ಎಷ್ಟು ನ್ಯಾಯವಿದೆಯೆಂಬುದನ್ನು ಸಾವಧಾನದಿಂದ ನೋಡುವುದೇ ಈ ಲೇಖನದ ಉದ್ದೇಶ.

ಮೊಟ್ಟಮೊದಲು ಹೇಳಬೇಕಾದುದು ಇಷ್ಟು: ತಾಯಿಯಾದವಳು ದುಡಿಯುವುದು ನಮ್ಮ ಸೀಮೆಗೆ ಹೊಸದಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಯನ್ನು ಹೊಕ್ಕು ನೋಡಿದವರು, ಮಗ್ಗದ ಮುಂದೆ ಗಂಡಸು ಕುಳಿತಿದ್ದರೆ ಅವನಿಗೆ ಬೇಕಾದ ಕಂಡಿಕೆಗಳನ್ನು ಸುತ್ತುತ್ತ ರಾಟಿಯ ಬಳಿ ಹೆಂಗಸು ಕುಳಿತಿರುವುದನ್ನೂ, ಎಷ್ಟೋ ಮನೆಗಳಲ್ಲಿ ಅವಳೇ ಮಗ್ಗವನ್ನೂ ನಡೆಯಿಸುವುದನ್ನೂ, ಆ ಸಪ್ಪಳದ ನಡುವೆಯೇ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಕೂಸು ನಿದ್ರಿಸುವುದನ್ನೂ ಬಲ್ಲರು. ಕಬ್ಬಿನ ಹೊಲದಲ್ಲಿ ಕಳೆ ತೆಗೆಯಲು ಹೋದ ಹೆಣ್ಣಾಳು ಬದುವಿನ ಬೇವಿನ ಮರಕ್ಕೆ ಹಳೆಯ ಸೀರೆಯ ಜೋಳಿಗೆಯನ್ನು ಕಟ್ಟಿ, ಅದರಲ್ಲಿ ಎಳೆಗೂಸನ್ನು ಮಲಗಿಸಿ, ಅದು ಅತ್ತಾಗ ಬಂದು ಮೊಲೆಯೂಡಿ ಮತ್ತೆ ಸಾಲಿಗೆ ಮರಳುವುದನ್ನು ಕಾಣದ ಕಣ್ಣು ಇಲ್ಲಿ ಯಾವುದಿದೆ? ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದಾಗ ಅದನ್ನು ಗಂಡಸಿಗೆ ಮಾತ್ರ ಮೀಸಲಿಡಲಿಲ್ಲ. ಆಯ್ದ ಅಕ್ಕಿಯಿಂದ ಬದುಕಿದ ಲಕ್ಕಮ್ಮನು, ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನನ್ನೇ ತಿದ್ದಿದವಳೆಂದು ನಾವು ಇಂದಿಗೂ ಕೊಂಡಾಡುತ್ತೇವೆ. ಕೂಡಲಸಂಗಮದ ನೆಲವನ್ನೊಳಗೊಂಡ ಜಿಲ್ಲೆಯವರಾದ ನಮಗೆ, ದುಡಿಯುವ ಹೆಣ್ಣನ್ನು ಕಂಡು ಬೆರಗಾಗುವ ಕಾರಣವಿಲ್ಲ.

ಹಾಗಾದರೆ ಪರದೇಶಕ್ಕೆ ಹೋದ ತಾಯಿಯ ವಿಷಯದಲ್ಲಿ ಹೊಸದೇನು? ಹೊಸದು ದುಡಿಮೆಯಲ್ಲ, ಆ ದುಡಿಮೆಗೆ ಆಧಾರವಾಗಿದ್ದ ಮನೆ ಅಲ್ಲಿ ಇಲ್ಲದಿರುವುದು. ನೇಕಾರಗಿತ್ತಿಯ ಕೂಸನ್ನು ನೋಡಿಕೊಳ್ಳಲು ಆಯಿ ಇರುತ್ತಾಳೆ, ನೆರೆಮನೆಯ ಹುಡುಗಿ ಇರುತ್ತಾಳೆ, ಏನೂ ಇಲ್ಲವಾದರೆ ಓಣಿಯೇ ಇರುತ್ತದೆ. ಮಗು ಹಸಿದರೆ ಯಾರದೋ ಮನೆಯ ರೊಟ್ಟಿಯ ತುಂಡು ಅದರ ಕೈಗೆ ಬರುತ್ತದೆ. ಕೆಲಸ ಮತ್ತು ಮನೆ ಎರಡೂ ಒಂದೇ ಸೂರಿನ ಕೆಳಗೆ, ಇಲ್ಲವೆ ಕೂಗಳತೆಯ ದೂರದಲ್ಲಿ ಇರುವುದರಿಂದ ತಾಯಿಯು ಎರಡನ್ನೂ ಒಂದೇ ಕಣ್ಣಿನಿಂದ ಕಾಯಬಲ್ಲಳು. ಪರದೇಶದಲ್ಲಿ ಈ ಎಲ್ಲ ಕೈಗಳನ್ನೂ ಒಮ್ಮೆಲೆ ಕಳಚಿ, ಹೆಂಡತಿ, ಗಂಡ, ಕೂಸು ಎಂಬ ಮೂವರನ್ನು ಮಾತ್ರ ಒಂದು ಬಾಡಿಗೆಯ ಮನೆಯಲ್ಲಿ ಇರಿಸಿದಂತಾಗುತ್ತದೆ. ಅಲ್ಲಿಂದ ಮುಂದೆ ಆಕೆ ಮಾಡುವ ಪ್ರತಿಯೊಂದು ಆಯ್ಕೆಯೂ, ಅಂದರೆ ಕೂಸನ್ನು ಎಲ್ಲಿ ಬಿಡುವುದು, ಏನು ಉಣ್ಣಿಸುವುದು, ಯಾವ ನುಡಿಯಲ್ಲಿ ಮಾತಾಡಿಸುವುದು, ನೌಕರಿಯನ್ನು ಬಿಡುವುದೋ ಇರಿಸಿಕೊಳ್ಳುವುದೋ ಎಂಬುವೆಲ್ಲವೂ, ಆಕೆಯ ಮನೋಧರ್ಮಕ್ಕಿಂತ ಹೆಚ್ಚಾಗಿ ಆ ದೇಶದ ರಜೆಯ ಕಾನೂನು, ವೀಸಾದ ನಿಬಂಧನೆ, ಶಿಶುವಿಹಾರದ ವೇಳೆ ಮತ್ತು ಗಂಡನ ಕೈ ಇವುಗಳಿಂದ ನಿರ್ಣಯವಾಗುತ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಷ್ಟವನ್ನು ನಮ್ಮ ನಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ನೂರನಾಲ್ವತ್ತು ವರ್ಷಗಳ ಹಿಂದೆಯೇ ಅನುಭವಿಸಿದ್ದಳೆಂಬುದನ್ನು ಬಹಳ ಜನ ಮರೆತಿದ್ದಾರೆ. ಪಂಡಿತಾ ರಮಾಬಾಯಿಯನ್ನು ಮಹಾರಾಷ್ಟ್ರದವರು ತಮ್ಮವಳೆಂದು ಹೇಳಿಕೊಳ್ಳುವುದು ಸಹಜವೇ. ಆದರೆ ಆಕೆ 1858ರಲ್ಲಿ ಹುಟ್ಟಿದ್ದು ತುಂಗಭದ್ರೆಯರ ಉಗಮಕ್ಕೆ ಸಮೀಪವಾದ ಗಂಗಾಮೂಲದ ಕಾಡಿನ ಆಶ್ರಮದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯವರು; ಹೆಣ್ಣಿಗೆ ಸಂಸ್ಕೃತವನ್ನು ಕಲಿಸಿದ ಅಪರಾಧಕ್ಕಾಗಿ ಸಂಪ್ರದಾಯಸ್ಥರ ಕೋಪವನ್ನು ಎದುರಿಸಿ ಕಾಡನ್ನು ಸೇರಿದವರು. ಬರಗಾಲದಲ್ಲಿ ತಂದೆತಾಯಿಗಳನ್ನೂ, ಅನಂತರ ಅಣ್ಣನನ್ನೂ ಕಳೆದುಕೊಂಡ ರಮಾಬಾಯಿ, ಬಂಗಾಳದ ವಕೀಲರೊಬ್ಬರನ್ನು ಜಾತಿಯ ಮೇರೆಯನ್ನು ಮೀರಿ ವಿವಾಹವಾಗಿ, 1881ರಲ್ಲಿ ಮನೋರಮೆಯೆಂಬ ಹೆಣ್ಣುಕೂಸಿಗೆ ತಾಯಿಯಾದಳು. ಮರುವರ್ಷವೇ ಗಂಡನು ಕಾಲರಾ ಬೇನೆಯಿಂದ ತೀರಿಕೊಂಡನು. ಇಪ್ಪತ್ತನಾಲ್ಕು ವರ್ಷ ವಯಸ್ಸಿನ ಆ ವಿಧವೆ ಮರಾಠಿಯಲ್ಲಿ 'ಸ್ತ್ರೀ ಧರ್ಮ ನೀತಿ' ಎಂಬ ಪುಸ್ತಕವನ್ನು ಬರೆದು, ಅದರ ಮಾರಾಟದಿಂದ ಬಂದ ಹಣವನ್ನು ಹಡಗಿನ ದಾರಿಖರ್ಚಿಗೆ ಒದಗಿಸಿಕೊಂಡು, ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ 1883ರಲ್ಲಿ ಎರಡು ವರ್ಷದ ಕೂಸಿನೊಡನೆ ಇಂಗ್ಲೆಂಡಿಗೆ ತೆರಳಿದಳು.

ಅಲ್ಲಿ ಆಕೆಗೆ ಆಶ್ರಯವಿತ್ತವರು ವಾಂಟೇಜ್ ಎಂಬ ಊರಿನ ಕ್ರೈಸ್ತ ಸೋದರಿಯರು. ಆಕೆಯೂ ಮಗಳೂ ಅಲ್ಲಿಯೇ ದೀಕ್ಷೆಯನ್ನು ಪಡೆದರು. ಶ್ರವಣದೋಷದಿಂದಾಗಿ ವೈದ್ಯವಿದ್ಯೆಯ ಆಸೆ ಕೈಗೂಡದಿರಲು, 1884ರಿಂದ 1886ರವರೆಗೆ ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ತಾನು ಇಂಗ್ಲಿಷು, ಗಣಿತ ಮೊದಲಾದವುಗಳನ್ನು ಕಲಿಯುತ್ತ ಸಂಸ್ಕೃತವನ್ನು ಕಲಿಸಿದಳು. ಕೆಲವು ಕಾಲ ಮಗಳು ವಾಂಟೇಜಿನ ಸೋದರಿಯರ ಪಾಲನೆಯಲ್ಲಿರಬೇಕಾಯಿತು. ಇಂದಿನ ತಾಯಿ ಶಿಶುವಿಹಾರದ ಬಾಗಿಲಲ್ಲಿ ಎದುರಿಸುವ ಪ್ರಶ್ನೆಗಳೆಲ್ಲವೂ ಆಗಲೇ ಆಕೆಯ ಮುಂದೆ ಬಂದು ನಿಂತಿದ್ದವು. ಮಗುವನ್ನು ಸಾಕುವವರು ಅದಕ್ಕೆ ಯಾವ ಶ್ರದ್ಧೆಯನ್ನು ಕಲಿಸಬೇಕು, ಆ ವಿಷಯದಲ್ಲಿ ಕೊನೆಯ ಮಾತು ಯಾರದು ಎಂಬುದರ ಬಗ್ಗೆ ಆಕೆಗೂ ಸೋದರಿಯರಿಗೂ ದೀರ್ಘವಾದ ವಾದವೇ ನಡೆಯಿತು. ಅವರ ಪತ್ರವ್ಯವಹಾರದ ಸಂಪುಟವು ಇಂದಿಗೂ ದೊರೆಯುತ್ತದೆ. ಕ್ರೈಸ್ತಳಾದ ಮೇಲೆಯೂ ರಮಾಬಾಯಿ ಸಸ್ಯಾಹಾರವನ್ನು ಬಿಡಲಿಲ್ಲ, ಸೀರೆಯನ್ನು ಬಿಡಲಿಲ್ಲ. ಆಶ್ರಯವಿತ್ತವರ ಉಪಕಾರವನ್ನು ಮನಸಾ ಸ್ಮರಿಸುತ್ತಲೇ, ತನ್ನ ಮಗಳ ವಿಷಯದಲ್ಲಿ ತನ್ನ ಅಧಿಕಾರವನ್ನು ಆಕೆ ಬಿಟ್ಟುಕೊಡಲೊಪ್ಪಲಿಲ್ಲ. ಪರರ ನೆಲದಲ್ಲಿ, ಪರರ ಅನ್ನವನ್ನು ಉಣ್ಣುತ್ತ, ಇಷ್ಟು ದೃಢವಾಗಿ ನಿಲ್ಲುವುದಕ್ಕೆ ಎಂತಹ ಎದೆ ಬೇಕೆಂಬುದನ್ನು ಅಂತಹ ಸ್ಥಿತಿಯಲ್ಲಿರುವವರೇ ಬಲ್ಲರು.

1886ರಲ್ಲಿ ಅವಳು ಅಮೆರಿಕೆಗೆ ಹೋದುದು ಫಿಲಡೆಲ್ಫಿಯದಲ್ಲಿ ಆನಂದೀಬಾಯಿ ಜೋಶಿಯ ವೈದ್ಯಪದವಿಯ ಸಮಾರಂಭವನ್ನು ನೋಡುವುದಕ್ಕಾಗಿ. ಉಳಿದುದು ಎರಡು ವರ್ಷಕ್ಕೂ ಮಿಗಿಲಾಗಿ. ಆ ಅವಧಿಯಲ್ಲಿ ಊರೂರು ತಿರುಗಿ ಉಪನ್ಯಾಸ ಮಾಡಿದಳು, ಭಾರತದ ಮೇಲುಜಾತಿಯ ಹೆಂಗಸಿನ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಳು. ಜೊತೆಗೆ, ಫ್ರೋಬೆಲನ ಶಿಶುವಿಹಾರ ಪದ್ಧತಿಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದಳು. ಈ ಕೊನೆಯ ಸಂಗತಿಯನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ಎಳೆಯ ಮಗುವನ್ನು ಕಟ್ಟಿಕೊಂಡು ಕಡಲು ದಾಟಿದ ತಾಯಿಯೊಬ್ಬಳು, ಚಿಕ್ಕ ಮಕ್ಕಳನ್ನು ಮನೆಯ ಹೊರಗೂ ಪ್ರೀತಿಯಿಂದ, ಶಾಸ್ತ್ರೀಯವಾಗಿ ಬೆಳೆಸುವುದು ಸಾಧ್ಯವೆಂಬ ವಿದ್ಯೆಯನ್ನು ತನ್ನ ನಾಡಿಗೆ ಹೊತ್ತು ತಂದಳು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದಳು. ಮಗಳು ಮನೋರಮೆಯು ದೊಡ್ಡವಳಾಗಿ ತಾಯಿಯ ಕೆಲಸಕ್ಕೆ ಬಲಗೈಯಾದಳು. ರಮಾಬಾಯಿಯು ನಮ್ಮದೇ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆಯ ಹೊಣೆಯನ್ನು ಹೊತ್ತವಳೂ ಆಕೆಯೇ. ಎರಡನೆಯ ವಯಸ್ಸಿನಲ್ಲಿ ಪರದೇಶ ಕಂಡ, ಪರರ ಕೈಯಲ್ಲಿಯೂ ಬೆಳೆದ ಆ ಕೂಸು ಕೆಟ್ಟುಹೋಗಲಿಲ್ಲ.

ಇನ್ನು ಇಂದಿನ ಕಾಲಕ್ಕೆ ಬರೋಣ. ಅಮೆರಿಕೆಯ ಪೂರ್ವತೀರದ ಯಾವುದೋ ಊರಿನಲ್ಲಿ ಕಂಪ್ಯೂಟರ್ ಕಂಪನಿಯೊಂದರ ನೌಕರಿಯಲ್ಲಿರುವ ನಮ್ಮ ಕಡೆಯ ಹುಡುಗಿಯ ದಿನವು ಹೇಗೆ ಸಾಗುತ್ತದೆಂಬುದನ್ನು ಮನಸ್ಸಿಗೆ ತಂದುಕೊಳ್ಳಿರಿ. ನಸುಕಿನಲ್ಲೆದ್ದು ಅಡಿಗೆ, ಡಬ್ಬಿ, ಕೂಸಿನ ಸ್ನಾನ. ಕೂಸನ್ನು ಕಾರಿನ ಹಿಂದಿನ ಆಸನದಲ್ಲಿ ಕಾನೂನು ವಿಧಿಸಿದ ಮಕ್ಕಳ ಕುರ್ಚಿಗೆ ಬಿಗಿದು ಡೇಕೇರಿಗೆ ಒಯ್ದು ಬಿಡಬೇಕು. ಸಂಜೆ ನಿಗದಿಯಾದ ವೇಳೆಗೆ ಕರೆತರದಿದ್ದರೆ ಎಷ್ಟೋ ಕಡೆಗಳಲ್ಲಿ ತಡವಾದುದಕ್ಕೆ ಬೇರೆ ದಂಡ ತೆರಬೇಕು. ಕೂಸಿಗೆ ಜ್ವರ ಬಂದಿತೋ, ಜ್ವರ ಇಳಿದು ಒಂದು ದಿನ ಕಳೆಯುವವರೆಗೆ ಅವರು ಒಳಗೆ ಸೇರಿಸಿಕೊಳ್ಳುವುದಿಲ್ಲ. ಆ ದಿನ ತಾಯಿಯೋ ತಂದೆಯೋ ರಜೆ ಹಾಕಲೇಬೇಕು, ಮತ್ತು ಬಹುಪಾಲು ಮನೆಗಳಲ್ಲಿ ಆ ರಜೆಯು ತಾಯಿಯ ಲೆಕ್ಕಕ್ಕೇ ಬರುತ್ತದೆ. ಊರಿಗೆ ಫೋನು ಮಾಡಬೇಕೆಂದರೂ ಅಡಚಣೆ: ಅಲ್ಲಿ ಬೆಳಗಿನ ಏಳು ಗಂಟೆಯೆಂದರೆ ಹಿಪ್ಪರಗಿಯಲ್ಲಿ ಬೇಸಿಗೆಗೆ ಸಂಜೆಯ ನಾಲ್ಕೂವರೆ, ಚಳಿಗಾಲಕ್ಕೆ ಐದೂವರೆ, ಅಲ್ಲಿ ಕೂಸು ಮಲಗಿ ಆಕೆಗೆ ಬಿಡುವು ದೊರೆಯುವ ರಾತ್ರಿಯ ಹೊತ್ತಿಗೆ ಇಲ್ಲಿ ಅವ್ವನು ನಸುಕಿನ ಕಸ ಮುಸುರೆಯಲ್ಲಿರುತ್ತಾಳೆ. "ಉಂಡ್ಯೇನವಾ ತಂಗಿ?" ಎಂದು ಅವ್ವ ಕೇಳುವಾಗ, ಆಕೆ ಉಂಡಿದ್ದರೂ ಇಲ್ಲದಿದ್ದರೂ "ಹ್ಞೂಂನವಾ, ಆತು" ಎಂದೇ ಉತ್ತರಿಸುತ್ತಾಳೆ.

ಕೂಸು ಹುಟ್ಟಿ ಎಷ್ಟು ದಿನಕ್ಕೆ ತಾಯಿ ಕೆಲಸಕ್ಕೆ ಮರಳಿದಳೆಂಬುದನ್ನು ನೋಡಿ ಆಕೆಯ ಮಾತೃಪ್ರೇಮವನ್ನು ಅಳೆಯುವವರು ಒಂದು ವಿಷಯವನ್ನು ತಿಳಿದಿರಬೇಕು. ಅಮೆರಿಕೆಯಲ್ಲಿ 1993ರ ಕಾನೂನಿನ ಪ್ರಕಾರ ದೊರೆಯುವುದು 12 ವಾರಗಳ ರಜೆ; ಅದೂ ಸಂಬಳವಿಲ್ಲದ ರಜೆ; ಅದೂ 50ಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಕಡೆ, ಒಂದು ವರ್ಷ ಕೆಲಸ ಮಾಡಿದವರಿಗೆ. ಕ್ಯಾಲಿಫೋರ್ನಿಯದಂತಹ ಕೆಲವು ರಾಜ್ಯಗಳು ಮಾತ್ರ ತಮ್ಮದೇ ಆದ ವೇತನಸಹಿತ ಏರ್ಪಾಡುಗಳನ್ನು ಮಾಡಿಕೊಂಡಿವೆ. ಬ್ರಿಟನ್ನಿನಲ್ಲಿ ಅದೇ ಹುಡುಗಿಯಿದ್ದರೆ 52 ವಾರಗಳ ರಜೆಗೆ ಅರ್ಹಳು, ಅದರಲ್ಲಿ 39 ವಾರಗಳವರೆಗೆ ಒಂದಿಷ್ಟು ಹಣವೂ ಬರುತ್ತದೆ. ಜರ್ಮನಿಯಲ್ಲಾದರೆ ಹೆರಿಗೆಗೆ ಮುಂಚೆ 6 ವಾರ, ಅನಂತರ 8 ವಾರ ಕಾನೂನೇ ರಕ್ಷಣೆ ಕೊಡುತ್ತದೆ; ಬೇಕಾದರೆ ಮಗುವಿಗೆ ಮೂರು ವರ್ಷವಾಗುವವರೆಗೆ ನೌಕರಿಯನ್ನು ಕಳೆದುಕೊಳ್ಳದೆ ಮನೆಯಲ್ಲಿರಬಹುದು; 2013ರ ಆಗಸ್ಟಿನಿಂದ ಒಂದು ವರ್ಷ ತುಂಬಿದ ಪ್ರತಿಯೊಂದು ಮಗುವಿಗೂ ಶಿಶುವಿಹಾರದಲ್ಲಿ ಸ್ಥಾನವು ಕಾನೂನುಬದ್ಧ ಹಕ್ಕಾಗಿದೆ. ಅಲ್ಲಿನ ಶಿಶುವಿಹಾರವಾದ 'ಕಿಟಾ'ದಲ್ಲಿ, ಮಗುವನ್ನು ಬಿಟ್ಟು ಒಮ್ಮೆಲೆ ಹೊರಟುಬಿಡಲು ಬಿಡುವುದಿಲ್ಲವೆಂಬುದು ಗಮನಾರ್ಹ. ಕೆಲವು ವಾರ ತಾಯಿಯೋ ತಂದೆಯೋ ಜೊತೆಯಲ್ಲಿ ಕುಳಿತು, ದಿನದಿನಕ್ಕೂ ಸ್ವಲ್ಪಸ್ವಲ್ಪವೇ ದೂರ ಸರಿದು, ಮಗುವಿಗೆ ಆ ಜಾಗವನ್ನು ರೂಢಿ ಮಾಡಿಸಬೇಕು. ಸ್ವೀಡನ್ ದೇಶವು 1974ರಲ್ಲಿಯೇ ತಾಯಿಯ ರಜೆಯನ್ನು ತಂದೆತಾಯಿಗಳಿಬ್ಬರ ರಜೆಯನ್ನಾಗಿ ಮಾರ್ಪಡಿಸಿತು. ಇಂದು ಅಲ್ಲಿ ಒಂದು ಮಗುವಿಗೆ 480 ದಿನ, ಅದರಲ್ಲಿ 90 ದಿನ ತಂದೆಗೇ ಮೀಸಲು, ಅವನು ತೆಗೆದುಕೊಳ್ಳದಿದ್ದರೆ ಆ ದಿನಗಳು ವ್ಯರ್ಥ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಖಾಸಗಿ ನೌಕರಿಯ ತಾಯಿಗೆ 60 ದಿನ, ಅದರಲ್ಲಿ 45 ದಿನ ಪೂರ್ಣ ವೇತನ. ಅದೇ ಹೆಣ್ಣು, ಅದೇ ಮಮತೆ. ದೇಶ ಬದಲಾದರೆ ಆಕೆ ಕೂಸಿನ ಬಳಿ ಉಳಿಯುವ ದಿನಗಳು ಬದಲಾಗುತ್ತವೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹಿಂದುಳಿದಿಲ್ಲವೆಂಬುದನ್ನೂ ಹೇಳಬೇಕು. 1961ರ ಕಾಯಿದೆಯನ್ನು 2017ರಲ್ಲಿ ತಿದ್ದಿದಾಗ ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆಯು 26 ವಾರಗಳಾಯಿತು. ಆದರೆ ಬನಹಟ್ಟಿಯಲ್ಲಿ ಮನೆಯಲ್ಲೇ ಕಂಡಿಕೆ ಸುತ್ತುವವಳಿಗೆ, ಕಬ್ಬಿನ ಗದ್ದೆಯ ಕೂಲಿಯವಳಿಗೆ, ಆ 26 ವಾರಗಳು ಕೇಳಿದ ಮಾತು ಮಾತ್ರ.

ರಜೆಯ ಕಾನೂನಿಗಿಂತಲೂ ಕಠಿಣವಾದುದು ವೀಸಾದ ಕಾನೂನು. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದ ಎಷ್ಟೋ ಹುಡುಗಿಯರು ಮದುವೆಯಾಗಿ ಗಂಡನ ಹಿಂದೆ ಅಮೆರಿಕೆಗೆ ಹೋದ ಮೇಲೆ, ಎಚ್-4 ಎಂಬ ಅವಲಂಬಿತರ ವೀಸಾದ ಮೇಲಿದ್ದುದರಿಂದ, ದುಡಿಯುವ ಹಕ್ಕೇ ಇಲ್ಲದೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತರು. 2015ರ ಮೇ 26ರಿಂದ ಅವರಲ್ಲಿ ಒಂದು ವರ್ಗಕ್ಕೆ, ಅಂದರೆ ಗಂಡನ ಗ್ರೀನ್ ಕಾರ್ಡಿನ ಅರ್ಜಿಯು ನಿಗದಿತ ಹಂತವನ್ನು ದಾಟಿದವರಿಗೆ, ಕೆಲಸದ ಪರವಾನಗಿ ಕೊಡಲು ಆರಂಭವಾಯಿತು. ಆ ಗ್ರೀನ್ ಕಾರ್ಡಿಗೂ ಒಂದು ದೇಶದವರಿಗೆ ಶೇಕಡ 7ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯಿರುವುದರಿಂದ ಭಾರತೀಯರ ಸರತಿ ದಶಕಗಳಷ್ಟು ಉದ್ದವಾಗಿದೆ. ಇದರ ಪರಿಣಾಮವಾಗಿ ಎರಡು ಬಗೆಯ ತಾಯಂದಿರನ್ನು ನಾವು ಅಲ್ಲಿ ಕಾಣುತ್ತೇವೆ: ದುಡಿಯಬಯಸಿಯೂ ದುಡಿಯಲಾಗದವರು ಮತ್ತು ಕೆಲವು ದಿನ ಕೂಸಿನೊಡನೆ ಇರಬಯಸಿಯೂ, ಕೆಲಸ ಬಿಟ್ಟರೆ ದೇಶದಲ್ಲಿರುವ ಅನುಮತಿಯೇ ತಪ್ಪೀತೆಂಬ ಭಯದಿಂದ ಬಿಡಲಾಗದವರು. ಈ ಇಬ್ಬರನ್ನೂ ಕುರಿತು ನಮ್ಮ ಕಟ್ಟೆಯ ಮೇಲೆ ಒಂದೊಂದು ಮಾತು ಬರುತ್ತದೆ; ಒಬ್ಬಳು 'ಓದಿಯೂ ಸುಮ್ಮನೆ ಕುಳಿತವಳು', ಇನ್ನೊಬ್ಬಳು 'ರೊಕ್ಕದ ಹಿಂದೆ ಬಿದ್ದವಳು' ಎಂದು. ಎರಡೂ ಅನ್ಯಾಯದ ಮಾತುಗಳೇ.

ಈ ಇಕ್ಕಟ್ಟಿನಲ್ಲಿ ನಮ್ಮ ಮನೆತನಗಳು ಕಂಡುಕೊಂಡಿರುವ ಪರಿಹಾರವೆಂದರೆ ಆಯಿಯ ವಿಮಾನಯಾನ. ಮಗಳಿಗೆ ದಿನ ತುಂಬುವ ಹೊತ್ತಿಗೆ ಅವ್ವನು, ಅಂಟಿನುಂಡಿಯ ಡಬ್ಬಿ, ಗುರೆಳ್ಳು ಹಿಂಡಿ, ಶೇಂಗಾ ಚಟ್ನಿ, ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿಯ ಕಟ್ಟು, ಕೂಸಿಗೆ ಹೊಲಿದ ಕುಲಾವಿ, ದುಪಟಿ ಇವನ್ನೆಲ್ಲ ಹೊತ್ತು, ಜಮಖಂಡಿಯಾಚೆಗೆ ಒಬ್ಬಳೇ ಹೋಗಿ ಅರಿಯದವಳು, ಎರಡೆರಡು ವಿಮಾನಗಳನ್ನು ಬದಲಿಸಿ ಬಾಣಂತನಕ್ಕೆ ಹೋಗುತ್ತಾಳೆ. ಇದನ್ನು ನಾನು ಸಾಹಸವೆಂದೇ ಕರೆಯುತ್ತೇನೆ. ಆದರೆ ಸಂದರ್ಶಕರ ವೀಸಾದ ಮೇಲೆ ಅಮೆರಿಕೆಯಲ್ಲಿಯೂ ಬ್ರಿಟನ್ನಿನಲ್ಲಿಯೂ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರಗೊಡುವುದಿಲ್ಲ. ಕೂಸು ಆಯಿಯ ಮುಖವನ್ನು ಗುರುತಿಸಿ ನಗಲು ಕಲಿತು, ಆಕೆಯ ಮಡಿಲಿಲ್ಲದೆ ಮಲಗಲೊಲ್ಲದಾದ ಹೊತ್ತಿಗೆ ಆಕೆಯ ಅವಧಿ ಮುಗಿಯುತ್ತದೆ. ಆಗ ಅತ್ತೆಯ ಸರದಿ, ಅದು ಮುಗಿದರೆ ಮತ್ತೆ ಡೇಕೇರು. ಕೆನಡಾ ದೇಶವೊಂದು ಈ ವಿಷಯದಲ್ಲಿ ಉದಾರವಾಗಿದೆ. ಅಲ್ಲಿ ತಂದೆತಾಯಿಗಳಿಗೆಂದೇ ಇರುವ ಸೂಪರ್ ವೀಸಾದ ಮೇಲೆ 2022ರಿಂದ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ಬಾಣಂತನಕ್ಕೆ ಹೋದ ಅತ್ತೆಯ ಕಣ್ಣಿನ ಮುಂದಿನ ಡಾಲರಿನ ಪೊರೆ ಕಳಚುವ ಕಥೆಯನ್ನು ಸುಧಾ ಮೂರ್ತಿಯವರು 'ಡಾಲರ್ ಸೊಸೆ' ಕಾದಂಬರಿಯಲ್ಲಿ ಬರೆದಿದ್ದಾರೆ; ಉತ್ತರ ಕರ್ನಾಟಕದ ಮನೆಮನೆಯ ಹೆಂಗಸರು ಅದನ್ನು ತಮ್ಮದೇ ಕಥೆಯೆಂಬಂತೆ ಓದಿದುದಕ್ಕೆ ಕಾರಣವಿಲ್ಲದಿಲ್ಲ.

ಮತ್ತೊಂದು ಪರಿಹಾರವೂ ಉಂಟು. ಅದು ಕೂಸನ್ನೇ ಊರಿಗೆ ಕಳುಹಿಸುವುದು. ಇದನ್ನು ಕೇಳಿದವರು ಎದೆಯ ಮೇಲೆ ಕೈಯಿಟ್ಟುಕೊಳ್ಳುವುದುಂಟು. ಆದರೆ ಅದೇ ಸುಧಾ ಮೂರ್ತಿ ದಂಪತಿಗಳು, 1980ರಲ್ಲಿ ಹುಬ್ಬಳ್ಳಿಯಲ್ಲಿ ಮಗಳು ಅಕ್ಷತೆ ಹುಟ್ಟಿದಾಗ, ಮುಂಬಯಿಯಲ್ಲಿ ಇಬ್ಬರ ನೌಕರಿಯೂ ಕೂಸಿನ ಪಾಲನೆಯೂ ಒಟ್ಟಿಗೆ ನಡೆಯವೆಂದು ಕಂಡು, ಆಕೆಯ ಮೊದಲ ವರ್ಷಗಳನ್ನು ಹುಬ್ಬಳ್ಳಿಯ ಅಜ್ಜ ಅಜ್ಜಿಯರ ಬಳಿ ಕಳೆಯಿಸಿದರೆಂಬುದನ್ನು ನಾರಾಯಣ ಮೂರ್ತಿಯವರೇ ಮಗಳಿಗೆ ಬರೆದ, ಪ್ರಕಟವಾದ ಪತ್ರದಲ್ಲಿ ತಿಳಿಸಿದ್ದಾರೆ. ಮುಂಬಯಿ ಹುಬ್ಬಳ್ಳಿಗಳ ನಡುವೆ ಆಗ ಅವರು ವಾರಕ್ಕೊಮ್ಮೆ ಓಡಾಡಬಲ್ಲವರಾಗಿದ್ದರು; ನ್ಯೂಜರ್ಸಿ ಹಿಪ್ಪರಗಿಗಳ ನಡುವೆ ಹಾಗೆ ಓಡಾಡಲಾಗದು. ಆದುದರಿಂದ ಇದು ಎಲ್ಲರಿಗೂ ಹೊಂದುವ ದಾರಿಯೆಂದು ನಾನು ಹೇಳಲಾರೆ. ವರ್ಷಗಟ್ಟಲೆ ಅಗಲಿದ ಕೂಸು ಮರಳಿ ಹೋದಾಗ ತಾಯಿಯನ್ನೇ ಅಪರಿಚಿತಳೆಂಬಂತೆ ನೋಡುವ ನೋವು ಸಾಮಾನ್ಯವಾದುದಲ್ಲ. ಆದರೂ ಅನಿವಾರ್ಯವಾದಾಗ ಈ ದಾರಿಯನ್ನು ಹಿಡಿದವರನ್ನು ಕಲ್ಲೆದೆಯವರೆಂದು ಕರೆಯಲು ನಮಗಾರಿಗೂ ಅಧಿಕಾರವಿಲ್ಲ.

ಊಟ ಉಡಿಗೆಗಳ, ಮಗುವನ್ನು ಮಲಗಿಸುವ ಎಬ್ಬಿಸುವ ರೀತಿಗಳ ಆಯ್ಕೆಯು ಮೇಲುನೋಟಕ್ಕೆ ಅತ್ಯಂತ ಸುಲಭವಾದುದಾಗಿ ತೋರುತ್ತದೆ. ನಮ್ಮಲ್ಲಿ ತಾಯಿಯು ಕೈತುತ್ತು ಮಾಡಿ ಉಣ್ಣಿಸುತ್ತಾಳೆ, ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಾಳೆ. ಇದರಲ್ಲಿ ಯೋಚಿಸುವುದಕ್ಕೆ ಏನಿದೆಯೆಂದು ಇಲ್ಲಿಯವರು ಕೇಳಿಯಾರು. 2011ರಲ್ಲಿ ನಾರ್ವೆಯ ಸ್ಟಾವಾಂಗರಿನಲ್ಲಿದ್ದ ಬಂಗಾಳಿ ದಂಪತಿಗಳ ಇಬ್ಬರು ಎಳೆಯ ಮಕ್ಕಳನ್ನು ಅಲ್ಲಿನ ಮಕ್ಕಳ ಕಲ್ಯಾಣ ಇಲಾಖೆಯವರು ಒಯ್ದರು. ಕೈಯಿಂದ ಉಣ್ಣಿಸಿದುದೂ ಒಟ್ಟಿಗೆ ಮಲಗಿಸಿಕೊಂಡುದೂ ತಮ್ಮ ಮೇಲಿನ ಆಕ್ಷೇಪಗಳಲ್ಲಿ ಸೇರಿದ್ದವೆಂದು ಆ ತಂದೆತಾಯಿಗಳು ಹೇಳಿದರು. ಭಾರತ ಸರ್ಕಾರವು ಮಧ್ಯೆ ಪ್ರವೇಶಿಸಿದ ಮೇಲೆ, 2012ರಲ್ಲಿ ಮಕ್ಕಳು ಚಿಕ್ಕಪ್ಪನ ಸುಪರ್ದಿನಲ್ಲಿ ಭಾರತಕ್ಕೆ ಮರಳಿದರು. ಅನಂತರ ತಾಯಿ ಇಲ್ಲಿಯ ನ್ಯಾಯಾಲಯದ ಮೂಲಕ ಅವರನ್ನು ಪಡೆದಳು. ಈ ಪ್ರಕರಣವನ್ನಾಧರಿಸಿ 2023ರಲ್ಲಿ ಹಿಂದಿ ಚಲನಚಿತ್ರವೂ ಬಂದಿತು. ಇಂತಹ ಪ್ರಸಂಗ ವಿರಳವೆಂಬುದು ನಿಜ. ಆದರೆ ಅದರ ಸುದ್ದಿಯನ್ನು ಕೇಳಿದ ತಾಯಿಯೊಬ್ಬಳು ಪರದೇಶದಲ್ಲಿ ತನ್ನ ಕೂಸಿಗೆ ಬೇರೆ ತೊಟ್ಟಿಲನ್ನೋ ಚಮಚವನ್ನೋ ರೂಢಿ ಮಾಡಿಸಿದರೆ, ಅದನ್ನು ಸೋಗೆಂದು ಭಾವಿಸಬಾರದು.

ಭಾಷೆಯ ವಿಷಯದಲ್ಲಿ ಅಲ್ಲಿಯ ತಾಯಂದಿರು ಪಡುವ ಶ್ರಮವನ್ನು ಕಂಡರೆ ನಮಗೆ ನಾಚಿಕೆಯಾಗಬೇಕು. ದುಬೈಯಲ್ಲಿ 2014ರಿಂದ ಕನ್ನಡ ಪಾಠಶಾಲೆಯು ಮಕ್ಕಳಿಗೆ ಉಚಿತವಾಗಿ ಅಕ್ಷರ ಕಲಿಸುತ್ತಿದೆ. ಬ್ರಿಟನ್ನಿನ ಕನ್ನಡ ಬಳಗ 1983ರಿಂದ, ಅಮೆರಿಕೆಯ ಕನ್ನಡ ಕೂಟಗಳು ಅದಕ್ಕೂ ಹಿಂದಿನಿಂದ ಈ ಬಗೆಯ ಕೆಲಸವನ್ನು ಮಾಡಿಕೊಂಡು ಬಂದಿವೆ. ವಾರವಿಡೀ ದುಡಿದ ಹೆಂಗಸು, ಬಿಡುವಿನ ಒಂದು ದಿನವನ್ನೂ ನೆರೆಯ ಮಕ್ಕಳನ್ನು ಕೂಡಿಸಿಕೊಂಡು ಅ ಆ ಇ ಈ ಬರೆಸುವುದಕ್ಕೆ ಕೊಡುತ್ತಾಳೆ. ನಮ್ಮ ಕಡೆಯಲ್ಲಿ ತಾಲ್ಲೂಕು ಕೇಂದ್ರದ ಮಗುವಿಗೂ ಕನ್ನಡದ ಅಂಕಿಗಳನ್ನು ಓದಲು ಬಾರದಂತಾಗಿರುವ ಈ ದಿನಗಳಲ್ಲಿ, ಯಾರು ಭಾಷೆಯನ್ನು ತೊರೆದವರು, ಯಾರು ಕಾಪಾಡಿದವರು ಎಂಬುದನ್ನು ನಾವು ನ್ಯಾಯವಾಗಿ ಎಣಿಸಬೇಕು.

ಹಬ್ಬಗಳಲ್ಲಿ ಆಕೆಯನ್ನು ಹೆಚ್ಚು ಕಾಡುವುದು ದೀಪಾವಳಿಯಲ್ಲ, ಏಕೆಂದರೆ ದೀಪಾವಳಿಯನ್ನು ಕೂಟದವರು ಸಭಾಂಗಣ ಹಿಡಿದು ಆಚರಿಸುತ್ತಾರೆ, ಕಾಡುವುದು ನಾಗರಪಂಚಮಿ. ಉತ್ತರ ಕರ್ನಾಟಕದ ಹೆಣ್ಣಿಗೆ ಪಂಚಮಿಯೆಂದರೆ ತವರು, ಅಣ್ಣ ಬಂದು ಕರೆದೊಯ್ಯುವುದು, ಜೋಕಾಲಿ, ಬಗೆಬಗೆಯ ಉಂಡಿ. ಶ್ರಾವಣದ ಆ ವಾರ ಅಲ್ಲಿ ರಜೆಯಿಲ್ಲ. ಕರೆಯಲು ಬರುವ ಅಣ್ಣನಿಗೆ ವೀಸಾ ಇಲ್ಲ.

ಈ ಎಲ್ಲದರ ನಡುವೆ ಗಂಡನೆಂಬವನು ಎಲ್ಲಿದ್ದಾನೆ? ಪರದೇಶದ ಸಂಸಾರದ ಸುಖದುಃಖಗಳನ್ನು ನಿರ್ಣಯಿಸುವ ಅಂಶಗಳಲ್ಲಿ ನಮ್ಮ ಕೈಗೆ ಸಿಕ್ಕುವುದು ಇದೊಂದೇ. ವೀಸಾದ ಕಾನೂನನ್ನು ನಾವು ಮಾಡಲಾರೆವು, ಗಂಡಸಿನ ರೂಢಿಯನ್ನು ನಾವೇ ಮಾಡುತ್ತೇವೆ. ಆಯಿ ಅವ್ವಂದಿರೂ ಅಕ್ಕತಂಗಿಯರೂ ತುಂಬಿದ ಮನೆಯಲ್ಲಿ ಬೆಳೆದ ನಮ್ಮ ಹುಡುಗನಿಗೆ, ಉಂಡ ತಟ್ಟೆಯನ್ನು ತಾನೇ ಎತ್ತಬೇಕೆಂಬುದನ್ನೂ ಯಾರೂ ಕಲಿಸಿರುವುದಿಲ್ಲ. ಅಂತಹವನು ಪರದೇಶಕ್ಕೆ ಹೋದಾಗ ಎರಡರಲ್ಲೊಂದು ನಡೆಯುತ್ತದೆ: ಕಲಿಯುತ್ತಾನೆ, ಕೂಸಿನ ಬಟ್ಟೆಯನ್ನು ಬದಲಿಸುವುದರಿಂದ ಮೊದಲ್ಗೊಂಡು ರೊಟ್ಟಿ ತಟ್ಟುವವರೆಗೆ ಎಲ್ಲವನ್ನೂ, ಇಲ್ಲವೆ ಕಲಿಯಲೊಲ್ಲದೆ, ಹೆಂಡತಿಯ ಹೆಗಲ ಮೇಲೆ ಆಫೀಸಿನೊಡನೆ ಇಡೀ ಮನೆಯನ್ನು ಹೊರಿಸುತ್ತಾನೆ. ಕಲಿತವರು ಬಹಳ ಜನ ಇದ್ದಾರೆಂಬುದು ಸಂತೋಷದ ಸಂಗತಿ. ದುಃಖದ ಸಂಗತಿಯೆಂದರೆ, ಅಂತಹವರು ರಜೆಗೆ ಊರಿಗೆ ಬಂದಾಗ, ಅವ್ವನ ಮುಂದೆ ಕೂಸಿನ ಬಟ್ಟೆಯನ್ನು ಮುಟ್ಟಲು ಅಂಜುವುದು. ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಮಾಡಿದರೆ 'ಹೆಂಡತಿಯ ಗುಲಾಮ' ಎಂಬ ಬಿರುದು ಕಾದಿರುತ್ತದೆ.

ಇಲ್ಲಿಯವರೆಗೆ ಹೇಳಿದುದು ಓದಿದವರ ಕಥೆ. ನಮ್ಮದೇ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಗೋವೆಗೆ, ಮಂಗಳೂರು ಉಡುಪಿಗಳ ಕಡೆಗೆ ಕಟ್ಟಡದ ಕೂಲಿಗೆ ಹೋಗುವ ತಾಯಂದಿರಿಗೂ ಭಾಷೆ ಬೇರೆ, ಓಣಿ ಬೇರೆ. ಅವರ ಮಕ್ಕಳು ಕೆಲಸದ ಸ್ಥಳದ ಉಸುಕಿನ ಗುಡ್ಡೆಯ ಮೇಲೆ ಆಡುತ್ತವೆ, ಇಲ್ಲವೆ ಊರಿನಲ್ಲಿ ಆಯಿಯ ಬಳಿ ಉಳಿಯುತ್ತವೆ. ಕೊಲ್ಲಿ ರಾಷ್ಟ್ರಗಳ ಮನೆಗೆಲಸಕ್ಕೆ ಹೋಗುವ ಹೆಂಗಸರ ವಿಷಯದಲ್ಲಿ, ವಲಸೆಗೆ ಸರ್ಕಾರದ ಅನುಮತಿ ಬೇಕಾದ ವರ್ಗದವರಾದರೆ ಮೂವತ್ತು ವರ್ಷ ತುಂಬಿರಬೇಕೆಂಬ ನಿಯಮವನ್ನು ಭಾರತ ಸರ್ಕಾರ ಮಾಡಿದೆ; ಆ ವಯಸ್ಸಿನ ಹೆಂಗಸರಲ್ಲಿ ಬಹುಮಂದಿ ತಾಯಂದಿರೇ, ಮತ್ತು ಕೂಸನ್ನು ಜೊತೆಗೆ ಒಯ್ಯುವ ಆಯ್ಕೆ ಅವರಿಗಿಲ್ಲ. ಅವರು ಪರರ ಕೂಸನ್ನು ಆಡಿಸಿ ಗಳಿಸಿದ ಹಣದಿಂದ ತಮ್ಮ ಕೂಸು ಇಲ್ಲಿ ಬೆಳೆಯುತ್ತದೆ. ಅವರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.

ಮಗಳು ಅಥವಾ ಸೊಸೆ ಪರದೇಶದಲ್ಲಿರುವ ಮನೆಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಬಾಣಂತನಕ್ಕೆ ಹೋಗುವಾಗ ಉಂಡಿಯ ಡಬ್ಬಿಯೊಡನೆ ಆಕೆಯ ಸ್ಥಿತಿಯ ತಿಳಿವಳಿಕೆಯನ್ನೂ ಒಯ್ಯಿರಿ. ರಜೆ ಎಷ್ಟು, ಡೇಕೇರಿನ ವೇಳೆ ಯಾವುದು, ಕೆಲಸ ಬಿಟ್ಟರೆ ವೀಸಾದ ಗತಿಯೇನು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿರಿ. ಅಲ್ಲಿ ಮಗನು ಪಾತ್ರೆ ತೊಳೆಯುವುದನ್ನು ಕಂಡರೆ ತಡೆಯಬೇಡಿರಿ, ಊರಿಗೆ ಬಂದಾಗಲೂ ಅವನ ಕೈಯಿಂದ ಅದನ್ನು ಕಸಿದುಕೊಳ್ಳಬೇಡಿರಿ. ಈಗ ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುತ್ತಿರುವ ಗಂಡುಮೊಮ್ಮಗನಿದ್ದರೆ, ಅವನು ನಾಳೆ ಯಾವ ದೇಶಕ್ಕೆ ಹೋಗುವನೋ ಯಾರು ಬಲ್ಲರು, ಅವನಿಗೆ ಈ ವರ್ಷವೇ ಅನ್ನ ಮಾಡುವುದನ್ನೂ ರೊಟ್ಟಿ ತಟ್ಟುವುದನ್ನೂ ಕಲಿಸಿರಿ.